ಕಸವೇ ಹರಳಾದ ಕಡಲತೀರ

ನ್ಯೂಕಾಸಲ್‌ನಿಂದ ಸಂಡರ್ಲೆಂಡ್ ಹಾದು ಬರುವ ಪುಟ್ಟ ರೈಲು ಸೀಹಂನಲ್ಲಿ ಇಳಿಸಿದಾಗ ಒಳ್ಳೆಯ ಬಿಸಿಲಿತ್ತು. ಜತೆಗೆ ಟೊಪ್ಪಿ ಹಾರಿಸುವ ಗಾಳಿ. ಇಂಗ್ಲೆಂಡಿನ ಈಶಾನ್ಯ ತೀರದ ಈ ಬಂದರು ಹುಟ್ಟಿದ್ದೇ ಕಲ್ಲಿದ್ದಲಿಗಾಗಿ. ಲಂಡನ್‌ಡೆರಿಯ ಮಾರ್ಕ್ವಿಸ್ ತನ್ನ ಗಣಿಗಳ ಸರಕು ಸಾಗಿಸಲೆಂದು 1828ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಮುಂದೆ ಈ ಕರಾವಳಿಯ ಗಣಿಗಳು ಸಮುದ್ರದ ಅಡಿಗೂ ಸುರಂಗ ಕೊರೆದವು. ಕಲ್ಲಿದ್ದಲು ಹಡಗು ಹತ್ತಿತು, ಅದರ ಜತೆ ಬಂದ ಕಲ್ಲುಮಣ್ಣನ್ನು ದಶಕಗಟ್ಟಲೆ ದಡಕ್ಕೇ ಸುರಿದರು.

ಪೇಟೆಯ ದಕ್ಷಿಣಕ್ಕಿರುವ ಬ್ಲಾಸ್ಟ್ ಬೀಚಿಗೆ ಇಳಿದೆ. 1992ರಲ್ಲಿ ತೆರೆಕಂಡ 'ಏಲಿಯನ್ 3' ಸಿನಿಮಾದವರು ಅನ್ಯಗ್ರಹ ತೋರಿಸಲು ಆರಿಸಿಕೊಂಡ ಜಾಗ ಇದು. ಈಗಲೂ ಕಸದ ದಿಬ್ಬ ಪೂರ್ತಿ ಹೋಗಿಲ್ಲ. ಅಲೆಗಳು ಕೊರೆದ ಕಡೆ ಗೋಡೆಯಂತೆ ಸೀಳಿಕೊಂಡು ನಿಂತಿದೆ: ಕಪ್ಪು, ಬೂದು, ನಡುನಡುವೆ ತುಕ್ಕಿನ ಕೆಂಪು ಪದರ. ಬೆರಳಿಟ್ಟರೆ ಪುಡಿ ಉದುರುತ್ತದೆ.

ಇಲ್ಲಿನ ಕೊನೆಯ ಗಣಿಗಳು 1990ರ ದಶಕದ ಆರಂಭದಲ್ಲಿ ಮುಚ್ಚಿದವು. 1997ರಿಂದ 2002ರವರೆಗೆ ನಡೆದ 'ಟರ್ನಿಂಗ್ ದ ಟೈಡ್' ಯೋಜನೆ ಸುಮಾರು ಒಂದು ಕೋಟಿ ಪೌಂಡ್ ವ್ಯಯಿಸಿ ಸೀಹಂ ಸೇರಿದ ಈ ಡರಂ ತೀರದಿಂದ 13 ಲಕ್ಷ ಟನ್ ತ್ಯಾಜ್ಯ ಎತ್ತಿಸಿತು. ಉಳಿದದ್ದನ್ನು ಸಮುದ್ರಕ್ಕೇ ಬಿಟ್ಟರು. ಅದು ಇಂದಿಗೂ ದಿನಕ್ಕಿಷ್ಟೆಂದು ಕೊಂಡೊಯ್ಯುತ್ತಿದೆ. ಬಂಡೆಯಂಚಿನ ಹೊಲಗಳನ್ನೂ ಮತ್ತೆ ಹುಲ್ಲುಗಾವಲಾಗಿಸಿದರು. 2001ರಲ್ಲಿ ಈ ತೀರಕ್ಕೆ 'ಹೆರಿಟೇಜ್ ಕೋಸ್ಟ್' ಮಾನ್ಯತೆಯೂ ಸಿಕ್ಕಿತು. ಅದೇ ವರ್ಷ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಜಿಎಫ್‌ನ ಸಯನೈಡ್ ದಿಬ್ಬಗಳು ನೆನಪಾಗಿ ಹೊಟ್ಟೆ ಉರಿಯಿತು. ಗಾಳಿಗೆ ಅವುಗಳ ದೂಳು ಏಳುವುದನ್ನು ಕಂಡವರಿಗೆ ನನ್ನ ಸಂಕಟ ಅರ್ಥವಾದೀತು.

ಮಧ್ಯಾಹ್ನ ಉತ್ತರದ ತೀರದಲ್ಲಿ ಜನ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಇಲ್ಲಿದ್ದ ಬಾಟಲಿ ಕಾರ್ಖಾನೆ 1921ರಲ್ಲಿ ಮುಚ್ಚುವ ತನಕ ಉಳಿಕೆ ಗಾಜನ್ನು ಸಮುದ್ರಕ್ಕೆ ಎಸೆಯುತ್ತಿತ್ತಂತೆ. ನೂರು ವರ್ಷ ಉರುಳಿ ನುಣುಪಾದ ಆ ಚೂರುಗಳೇ ಈಗ ಬೇಟೆ. ಅಜ್ಜಿಯೊಬ್ಬರು ಅಂಗೈ ಬಿಚ್ಚಿ ತೋರಿಸಿದರು: ಕಡಲೆಕಾಳಿನಷ್ಟು ಹರಳು, ಹಾಲುಬಿಳುಪಿನೊಳಗೆ ನೀಲಿ ಗೆರೆ. "ಇದು ಸಿಕ್ಕರೆ ಆ ದಿನ ಮನೆಗೆ ಹೋಗಬಹುದು," ಎಂದು ನಕ್ಕರು. ನನಗೆ ದಕ್ಕಿದ್ದು ಹಸಿರು ಚೂರುಗಳು ಮಾತ್ರ.

ಒಂದು ಕಸವನ್ನು ಕೋಟಿ ಸುರಿದು ಎತ್ತಿಸಿದರು, ಇನ್ನೊಂದನ್ನು ಹುಡುಕಲು ದೂರದೂರದಿಂದ ಜನ ಬರುತ್ತಾರೆ! ದಡವೇನೋ ತಿಳಿಯಾಯಿತು. ಆದರೆ ಗಣಿ ಕೊಡುತ್ತಿದ್ದಷ್ಟು ಕೆಲಸವನ್ನು ಐಸ್‌ಕ್ರೀಂ ಅಂಗಡಿ, ಕೆಫೆಗಳು ಕೊಡಲಾರವು. ತೀರ ರಿಪೇರಿಯಾದಷ್ಟು ಸಲೀಸಾಗಿ ಊರು ರಿಪೇರಿಯಾಗುವುದಿಲ್ಲ.

ಹೋಗುವವರು ಇಳಿತದ ವೇಳೆ ನೋಡಿಕೊಂಡು ಹೋಗಿ, ಗಟ್ಟಿ ಬೂಟು ಹಾಕಿಕೊಳ್ಳಿ. ಉಬ್ಬರದಲ್ಲಿ ಗಾಜು ಹುಡುಕುವಷ್ಟು ದಡವೇ ಉಳಿದಿರುವುದಿಲ್ಲ.