ಫರಸಿ ವ್ಯಾಪಾರಿಯ ಮನೆಯಲ್ಲಿ ಕೇಳಿದ ಜಾಝ್

ಹಿಂದಿ ಚಿತ್ರಸಂಗೀತದ ಶಂಕರ್-ಜೈಕಿಶನ್ ಜೋಡಿಯಲ್ಲಿ ಶಂಕರ್ ನಮ್ಮ ಕಡೆಯವರು ಅಂತ ನಾವು ಗೆಳೆಯರೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆವು. ಅವರು ಬೆಳೆದದ್ದು ಹೈದರಾಬಾದಿನಲ್ಲಿ. 1955ರ ‘ಶ್ರೀ 420’ ಚಿತ್ರದ ಹಾಡೊಂದರ ಪಲ್ಲವಿಯೇ ತೆಲುಗಿನಲ್ಲಿದೆಯಲ್ಲ! ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಚಹಾದಂಗಡಿಯಲ್ಲಿ ಉರ್ದು ಆಡುತ್ತಿದ್ದ ನಮಗೆ ಹಿಂದಿ ಹಾಡಿನಲ್ಲಿ ಆ ತೆಲುಗು ಮಾತು ಕೇಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ನಮ್ಮ ಊರುಗಳಾದ ಜಹೀರಾಬಾದ್, ನಾರಾಯಣಖೇಡ 1956ರ ತನಕ ಬೀದರ ಜಿಲ್ಲೆಯವು, ತಾಂಡೂರು ಕಲಬುರ್ಗಿಯದು. ಗಡಿ ಬದಲಾದರೂ ಬೀಗತನ ಬದಲಾಗಲಿಲ್ಲ. ಬೀಗತನ ಇದ್ದಲ್ಲಿ ಲಗ್ನ, ಲಗ್ನ ಇದ್ದಲ್ಲಿ ಬ್ಯಾಂಡು.

ಆ ಬ್ಯಾಂಡುಗಳ ಮುಂದೆ ನಾವು ಎಷ್ಟು ರಾತ್ರಿ ನಡೆದಿದ್ದೇವೋ! ಮುಂದೆ ಕ್ಲಾರಿನೆಟ್, ಹಿಂದೆ ಟ್ರಂಪೆಟ್ಟು, ಅದರ ಹಿಂದೆ ಎದೆ ನಡುಗಿಸುವ ದೊಡ್ಡ ಡ್ರಮ್ಮು, ಪಕ್ಕದಲ್ಲಿ ತಲೆಯ ಮೇಲೆ ಗ್ಯಾಸ್‌ಬತ್ತಿ ಹೊತ್ತವರ ಸಾಲು. ಬ್ಯಾಂಡ್ ಮಾಸ್ತರರು ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಕೇಳಿಯೇ ಹೊಸ ಹಾಡು ಕಲಿಯುತ್ತಿದ್ದರು. ಹಾಡಿನ ಚರಣ ಮುಗಿದ ಮೇಲೆ ಕ್ಲಾರಿನೆಟ್ಟಿನವ ಕಣ್ಣು ಮುಚ್ಚಿ, ಹಾಡಿನಲ್ಲಿ ಇಲ್ಲದ್ದನ್ನೂ ಸೇರಿಸಿ ನುಡಿಸಲು ಹತ್ತಿದರೆ ಮೆರವಣಿಗೆ ಅಲ್ಲೇ ನಿಲ್ಲುತ್ತಿತ್ತು. ಹಿರಿಯರು ಮುಹೂರ್ತದ ಚಿಂತೆಯಲ್ಲಿ ಬೈಯುತ್ತಿದ್ದರು. ನಾವು ಮಾತ್ರ ಇನ್ನೊಂದು ಸುತ್ತು ಅಂತ ಕೂಗುತ್ತಿದ್ದೆವು.

ತಾಂಡೂರಿನ ಗೆಳೆಯನದು ಫರಸಿ ವ್ಯಾಪಾರ. ಮುಂಬಯಿಗೆ ಕಲ್ಲು ಕಳಿಸುವ ಮನೆತನ, ಹಾಗಾಗಿ ಅಲ್ಲಿಂದ ರೆಕಾರ್ಡುಗಳು ಬರುತ್ತಿದ್ದವು. ಅವನ ಮನೆಯಲ್ಲೇ ನಾವು ‘ರಾಗ ಜಾಝ್ ಸ್ಟೈಲ್’ ಕೇಳಿದ್ದು. 1968ರಲ್ಲಿ ಶಂಕರ್-ಜೈಕಿಶನ್ ಸಿನೆಮಾದ ಹಂಗಿಲ್ಲದೆ ಮಾಡಿದ ವಾದ್ಯಸಂಗೀತ ಅದು. ಹನ್ನೊಂದು ರಾಗ. ರಯೀಸ್ ಖಾನ್ ಸಿತಾರ್, ಮನೋಹಾರಿ ಸಿಂಗ್ ಸ್ಯಾಕ್ಸೊಫೋನ್, ಲೆಸ್ಲಿ ಗೊಡಿನ್ಹೊ ಡ್ರಮ್ಸ್. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ಬ್ಯಾಂಡು ಕಟ್ಟಿ ನುಡಿಸುತ್ತಿದ್ದ ಗೋವೆಯ ವಾದಕರು ಸಿನೆಮಾ ವಾದ್ಯವೃಂದಗಳಿಗೂ ಆಧಾರವಾಗಿದ್ದ ಕಾಲ. ಅಷ್ಟರಲ್ಲಾಗಲೇ ಅಮೆರಿಕದ ಡ್ಯೂಕ್ ಎಲಿಂಗ್ಟನ್ನರ ದೊಡ್ಡ ಜಾಝ್ ಬ್ಯಾಂಡು 1963ರಲ್ಲಿ ದಿಲ್ಲಿ, ಮದ್ರಾಸು, ಮುಂಬಯಿಗೆ ಬಂದು ನುಡಿಸಿತ್ತು.

‘ರಾಗ ಜಾಝ್ ಸ್ಟೈಲ್’ನಲ್ಲಿ ಸಿತಾರ್ ಒಂದು ಮಾತು ಹೇಳುತ್ತದೆ, ಸ್ಯಾಕ್ಸೊಫೋನು ಅದನ್ನು ಎತ್ತಿಕೊಂಡು ಇನ್ನೆಲ್ಲಿಗೋ ಒಯ್ಯುತ್ತದೆ. ಕೆಳಗೆ ಬಾಸ್ ಒಂದೇ ಸಮನೆ ನಡೆದಿರುತ್ತದೆ. ರಾಗ ಕೆಡುವುದಿಲ್ಲ. ಶಿವರಂಜನಿ ಕೇಳಿ ನಾರಾಯಣಖೇಡದ ಗೆಳೆಯ ಎದ್ದು ನಿಂತು, ‘ಇದು ನಮ್ಮ ಬ್ಯಾಂಡ್ ಮಾಸ್ತರ ನುಡಿಸಿದಂಗೇ ಅದ’ ಅಂದ. ಅವನು ಹೇಳಿದ್ದು ಸರಿ ಅಂತ ಇವತ್ತಿಗೂ ನನ್ನ ನಂಬಿಕೆ. ಗೊತ್ತಿರುವ ರಾಗದೊಳಗೆ ನಿಂತು ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದೇ ಜಾಝ್ ಆದರೆ, ಜಹೀರಾಬಾದಿನ ಬೀದಿಯಲ್ಲಿ ನಮಗೆ ಅದು ಎಂದೋ ಸಿಕ್ಕಿತ್ತು.

ಜೈಕಿಶನ್ 1971ರಲ್ಲಿ ತೀರಿಕೊಂಡರು, ಶಂಕರ್ 1987ರಲ್ಲಿ. ಅವರ ರೆಕಾರ್ಡು ಹುಡುಕಿದರೆ ಇಂದೂ ಸಿಗುತ್ತದೆ. ನಮ್ಮ ಮಾಸ್ತರರು ನುಡಿಸಿದ್ದು ಹಾಗೆ ಸಿಗುವುದಿಲ್ಲ. ನಿಮ್ಮೂರಿನಲ್ಲಿ ಕ್ಲಾರಿನೆಟ್ ಹಿಡಿದ ಹಿರಿಯರೊಬ್ಬರಿದ್ದರೆ ಹೋಗಿ ಕೂಡಿ, ಒಂದು ಭೈರವಿ ನುಡಿಸಿ ಅಂತ ಕೇಳಿ, ನಿಮ್ಮ ಫೋನಿನಲ್ಲೇ ಮುದ್ರಿಸಿಕೊಳ್ಳಿ.