ಕಾಫಿ ಹುರಿಯುವ ಯಂತ್ರವನ್ನರಸಿ ಮೂರು ಊರುಗಳಲ್ಲಿ

ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳ ಎಂಬೀ ಮೂರು ಊರುಗಳು ದಕ್ಷಿಣ ಕನ್ನಡ ಜಿಲ್ಲೆಯ ವಾಚಕರಿಗೆ ಅಪರಿಚಿತವಾದವುಗಳಲ್ಲ. ಸಾವಿರ ಕಂಬದ ಬಸದಿಯನ್ನು ನೋಡಲೆಂದು ಮೊದಲನೆಯದಕ್ಕೂ, ಧರ್ಮಸ್ಥಳದ ಯಾತ್ರೆಗೆಂದು ಎರಡನೆಯದರ ಕಡೆಗೂ ಹೋಗುವವರು ಬಹುಮಂದಿ. ನಾವಾದರೋ ಕಳೆದ ಚೈತ್ರಮಾಸದಲ್ಲಿ ಈ ಮೂರನ್ನೂ ಬೇರೊಂದು ಕಾರ್ಯಕ್ಕಾಗಿ ಸುತ್ತಿ ಬಂದೆವು. ಕಾಫಿಬೀಜವನ್ನು ಹುರಿಯುವ ಯಂತ್ರವೊಂದನ್ನು ಆರಿಸಬೇಕಾಗಿದ್ದಿತು.

ಕಾರಣವಿಷ್ಟೆ. ನಮ್ಮ ತಮ್ಮನ ಮಗನಿಗೆ ಬಂಟ್ವಾಳದ ಸಮೀಪದಲ್ಲಿ ಅಡಕೆಯ ತೋಟವಿದೆ. ಹಿಂದಿನ ಮಳೆಗಾಲದಲ್ಲಿ ಕೊಳೆರೋಗ ತಗಲಿ ಫಸಲಿನ ಬಹುಭಾಗವು ನೆಲಕ್ಕುದುರಿತು. ಉಪವೃತ್ತಿಯೊಂದಿಲ್ಲದೆ ಸಂಸಾರ ಸಾಗದೆಂದು ಕಂಡು, ಕಾಫಿಪುಡಿಯನ್ನು ಮಾಡಿ ಮಾರುವುದಾಗಿ ಅವನು ನಿಶ್ಚಯಿಸಿದನು. ಅಷ್ಟರ ಮಟ್ಟಿಗೆ ಲೇಸೇ. ಆದರೆ ಒಂದು ಸಲಕ್ಕೆ 15 ಕಿಲೋ ಹುರಿಯುವ ದೊಡ್ಡ ಯಂತ್ರದ ಮೇಲೆಯೇ ಅವನ ಕಣ್ಣು. ಅದಕ್ಕಾಗಿ ಹೆಂಡತಿಯ ಒಡವೆಗಳನ್ನೆಲ್ಲ ಅಡವಿಡಬೇಕು. ಆಕೆ ಬೇಡವೆನ್ನಲಿಲ್ಲ. “ದೊಡ್ಡ ಮಾವನವರು ಒಮ್ಮೆ ನೋಡಿ ಬರಲಿ” ಎಂದಷ್ಟೇ ಹೇಳಿದಳು.

ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟವರಿಗೆ ಯಂತ್ರದ ವಿಷಯವೇನು ತಿಳಿದೀತೆಂದು ವಾಚಕರು ನಕ್ಕಾರು. ಆದರೆ ಹುರಿಯುವ ಕ್ರಿಯೆಯು ವೈಯಾಕರಣರಿಗೆ ಹೊಸತಲ್ಲ. ಅದಕ್ಕೆ ‘ಭ್ರಸ್ಜ’ ಎಂಬ ಧಾತುವೇ ಇದೆ. ಹುರಿಯುವ ಪಾತ್ರೆಗೆ ಅಮರಕೋಶದಲ್ಲಿ ಅಂಬರೀಷ, ಭ್ರಾಷ್ಟ್ರ ಎಂದು ಹೆಸರುಗಳೂ ಉಂಟು. ಅದಿರಲಿ.

ಮೂಡಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಆ ಬಸದಿಯ ಕಂಬಗಳನ್ನು ನೋಡಿಕೊಂಡು, ಪೇಟೆಯ ಒಂದು ಹಳೆಯ ಪುಡಿಯಂಗಡಿಗೆ ಹೋದೆವು. ಅಲ್ಲಿದ್ದುದು ಕೆಂಡದ ಮೇಲೆ ಕೈಯಿಂದ ತಿರುಗಿಸುವ ಕಬ್ಬಿಣದ ಉರುಳೆ. ಅಂಗಡಿಯ ವೃದ್ಧರು ಮೈಯೆಲ್ಲ ಕಿವಿಯಾಗಿ ಅದರ ಪಕ್ಕದಲ್ಲಿ ಕುಳಿತಿದ್ದರು. ಹಸಿರುಬೀಜ ಮೊದಲು ಹಳದಿಯಾಗಿ ಹುಲ್ಲಿನ ವಾಸನೆ ಬರುತ್ತದೆ. ಬಳಿಕ ಕಂದುಬಣ್ಣ ತಾಳುತ್ತದೆ. ಶಾಖವು ಹೆಚ್ಚುಕಡಿಮೆ 200 ಡಿಗ್ರಿಗೆ ಬಂದಾಗ ಒಳಗಿನ ಆವಿಯ ಒತ್ತಡದಿಂದ ಬೀಜವು ಅರಳು ಸಿಡಿದಂತೆ ಚಟಚಟನೆ ಸಿಡಿಯುತ್ತದೆ. ಈ ಮೊದಲ ಸಿಡಿತವಾಗಿ, ಇನ್ನೂ ಸೂಕ್ಷ್ಮವಾದ ಎರಡನೆಯ ಸಿಡಿತವು ಆರಂಭವಾಗುವುದರೊಳಗೆ ಇಳಿಸಿದರೆ ನಮ್ಮ ಕಡೆಯ ಫಿಲ್ಟರ್ ಕಾಫಿಗೆ ಹಿತವೆಂದು ಅವರ ಮತ. ಇಳಿಸಿದೊಡನೆ ಅಗಲವಾದ ತಟ್ಟೆಗೆ ಸುರಿದು ಬೀಸಿದರು. ಬೀಜವು ತನ್ನ ಶಾಖದಿಂದಲೇ ಇನ್ನೂ ಬೇಯುತ್ತಿರುತ್ತದೆ. ನಾಲ್ಕೈದು ನಿಮಿಷಗಳೊಳಗೆ ಆರಿಸದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವಂತೆ. ಯಂತ್ರವನ್ನು ಕೊಳ್ಳುವವರು ಉರುಳೆಯ ಹೊಳಪನ್ನು ನೋಡದೆ, ಬೀಜವನ್ನು ಇಣಿಕಿ ನೋಡುವ ಗಾಜೂ, ನಡುವೆ ಚಿಟಿಕೆ ತೆಗೆಯುವ ಸೌಟೂ, ಗಾಳಿ ಹೀರುವ ಆರುತಟ್ಟೆಯೂ ಹೇಗಿವೆಯೆಂದು ನೋಡಬೇಕೆಂಬುದನ್ನು ನಾವು ಕಲಿತದ್ದು ಇಲ್ಲಿಯೇ.

ಅಲ್ಲಿಂದ ವೇಣೂರಿನಲ್ಲಿ ಗೊಮ್ಮಟನಿಗೆ ಕೈಮುಗಿದು, ಗುರುವಾಯನಕೆರೆಯ ಮೇಲಾಗಿ ಬೆಳ್ತಂಗಡಿಯನ್ನು ಸೇರಿದೆವು. ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಬಿಸಿಲಿನಲ್ಲಿ ಕರಿಯ ಆನೆಯಂತೆ ನಿಂತಿದ್ದಿತು. ಹುಡುಗನ ಮನಸ್ಸನ್ನು ಸೆಳೆದಿದ್ದ 15 ಕಿಲೋ ಯಂತ್ರವು ಈ ಊರಿನ ವರ್ತಕರೊಬ್ಬರಲ್ಲಿ ಮಾರಾಟಕ್ಕಿದ್ದಿತು. ಯಂತ್ರವು ಭವ್ಯವೇ ಸರಿ. ಏಕೆ ಮಾರುತ್ತೀರೆಂದು ಕೇಳಿದುದಕ್ಕೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ವಾರದಲ್ಲಿ ಆರು ದಿನ ಅದು ಸುಮ್ಮನೆ ಕುಳಿತಿರುತ್ತದೆ, ಕಾಲುಭಾಗ ತುಂಬಿ ಹುರಿದರೆ ಬೀಜ ಸಮನಾಗಿ ಬೇಯುವುದಿಲ್ಲ. ಒಂದು ಆಷಾಢದ ಗಾಳಿಮಳೆಯಲ್ಲಿ ವಿದ್ಯುತ್ತು ನಿಂತು, ಉರುಳೆಯೂ ನಿಂತು, ತಳದ ಬೀಜವೆಲ್ಲ ಕರಿಕಾಗಿ ಮನೆ ತುಂಬ ಹೊಗೆಯಾಯಿತಂತೆ. ಇಷ್ಟು ಪ್ರಾಮಾಣಿಕರಾದ ವರ್ತಕರಿಗೆ ಬೇಗನೆ ಗಿರಾಕಿ ದೊರೆಯಲೆಂದು ಮನಸ್ಸಿನಲ್ಲಿಯೇ ಹಾರೈಸಿದೆವು. ಆ ಗಿರಾಕಿ ನಮ್ಮವನಾಗುವುದು ಮಾತ್ರ ಬೇಡವಾಗಿದ್ದಿತು.

ಆ ರಾತ್ರಿ ಬಂಟ್ವಾಳದ ಮನೆಯಲ್ಲಿ ಲೆಕ್ಕಕ್ಕೆ ಕುಳಿತೆವು. ಹುಡುಗನ ಹೆಂಡತಿಯು ಒಂದು ಪುಸ್ತಕವನ್ನು ತಂದಿಟ್ಟಳು. ಯಾವ ಮನೆಯವರು, ಯಾವ ಹೋಟೆಲಿನವರು ವಾರಕ್ಕೆಷ್ಟು ಪುಡಿ ಕೊಂಡಾರೆಂದು ಅವಳು ಎರಡು ತಿಂಗಳಿಂದ ವಿಚಾರಿಸಿ ಬರೆದಿಟ್ಟಿದ್ದಳು! ಚಿಕೋರಿಯನ್ನು ಕಳೆದು ಹುರಿದ ಬೀಜದ ಲೆಕ್ಕ ವಾರಕ್ಕೆ 40 ಕಿಲೋ. ಹುರಿಯುವಾಗ ತೂಕದಲ್ಲಿ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಕಳೆಯುವುದರಿಂದ 5 ಕಿಲೋ ಹಸಿಬೀಜಕ್ಕೆ ನಾಲ್ಕು ಕಿಲೋಗಿಂತ ತುಸು ಹೆಚ್ಚು ಬರುತ್ತದೆ. 5 ಕಿಲೋ ಯಂತ್ರದಲ್ಲಿ ಹತ್ತು ಸಲ, ಒಂದೊಂದಕ್ಕೆ ಕಾಲು ಗಂಟೆಯಂತೆ, ಎರಡೂವರೆ ಗಂಟೆಯ ಕೆಲಸ. 1 ಕಿಲೋ ಯಂತ್ರವಾದರೆ ಹನ್ನೆರಡು ಗಂಟೆಯ ದುಡಿತ. 15 ಕಿಲೋದ್ದಾದರೆ ಒಂದು ಗಂಟೆಗೂ ಕೆಲಸವಿಲ್ಲ. ಒಮ್ಮೆಗೇ ಹೆಚ್ಚು ಹುರಿದು ಕೂಡಿಡೋಣವೆಂದರೆ ಕರಾವಳಿಯ ತೇವವು ಬಿಡದು. ಪುಡಿ ಗಂಟುಕಟ್ಟಿ ಪರಿಮಳ ಹಾರಿಹೋಗುತ್ತದೆ. ಹುಡುಗನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದು, “ವ್ಯಾಪಾರ ಬೆಳೆದರೆ?” ಎಂದನು. “ಬೆಳೆದರೆ ನಾನು ವಾರಕ್ಕೆರಡು ದಿನ ಹುರಿಯುತ್ತೇನೆ” ಎಂದು ಉತ್ತರ ಒಳಗಿನಿಂದ ಬಂದಿತು.

ಮರುದಿನ ಪೇಟೆಯಲ್ಲಿ ಜಾಗ ಹುಡುಕಿದೆವು. ಘಟ್ಟವಿಳಿದು ಬಂದ ಸರಕು ಬಂಟ್ವಾಳದಲ್ಲಿ ದೋಣಿಯೇರಿ ನೇತ್ರಾವತಿಯ ಮೂಲಕ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಹೊಳೆಯ ದಡದಲ್ಲಿ ಬಾಡಿಗೆ ಅಗ್ಗ. ಆದರೆ 1923ರ ಮತ್ತು 1974ರ ನೆರೆಗಳನ್ನು, ತುಳುವಿನಲ್ಲಿ ಹೇಳುವ ಬೊಳ್ಳವನ್ನು, ಇಲ್ಲಿ ಇನ್ನೂ ಮಾತಿನ ನಡುವೆ ನೆನೆಯುತ್ತಾರೆ. ಎತ್ತರದ ಓಣಿಯಲ್ಲಿ, ಹೊಗೆಕೊಳವೆಗೆ ಎಡೆಯಿರುವ ಒಂದು ಕೋಣೆಯನ್ನೇ ಹಿಡಿದೆವು. ಹಸಿಬೀಜವನ್ನು ಮೂಡಿಗೆರೆಯ ಕಡೆಯಿಂದ ಮಳೆಗೆ ಮುಂಚೆಯೇ ತರಿಸಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟವು ಕುಸಿದಾಗ ದಾರಿಯೇ ಮುಚ್ಚಿತ್ತಷ್ಟೆ. ತಂದ ಚೀಲಗಳನ್ನು ಮರದ ಅಟ್ಟಣೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಮಳೆಗಾಲದ ಗಾಳಿಗೆ ಬೀಜವನ್ನು ಒಡ್ಡಿ ಬಿಳಿಚಿಸಿ ವಿದೇಶಕ್ಕೆ ಮಾರುವ ಪದ್ಧತಿಯೂ ಮಂಗಳೂರಿನಲ್ಲಿದೆ. ಆದರೆ ಅದು ಬೇಕೆಂದೇ ಮಾಡುವ ಸಂಸ್ಕಾರ. ಮೂಲೆಯಲ್ಲಿ ಬೂಷ್ಟು ಹಿಡಿದ ಚೀಲಕ್ಕೆ ಆ ಹೆಸರು ಸಲ್ಲದು.

5 ಕಿಲೋ ಯಂತ್ರಕ್ಕೆ ಮುಂಗಡ ಕೊಟ್ಟಾಯಿತು. ಉರಿ ಅನಿಲದ್ದು, ಮೋಟಾರಿಗೆ ಮಾತ್ರ ವಿದ್ಯುತ್ತು. ಒಡವೆಗಳಲ್ಲಿ ಬಳೆಗಳೆರಡು ಅಡವಿಗೆ ಹೋದವು, ಉಳಿದವು ಪೆಟ್ಟಿಗೆಯಲ್ಲಿವೆ. ವಿದ್ಯುತ್ತು ನಿಂತಾಗ ಉರುಳೆಯನ್ನು ತಿರುಗಿಸಲು ಕೈಹಿಡಿಯೊಂದನ್ನು ಜೋಡಿಸಿಕೊಡಬೇಕೆಂದು ತಯಾರಕರಿಗೆ ಬರೆದಿದ್ದೆವು. ಯಾವ ಪಕ್ಕಕ್ಕೆಂದು ಅವರು ಕೇಳಿದರು. ಹುರಿಯತಕ್ಕವಳು ಎಡಚಿಯಾದುದರಿಂದ ಎಡಕ್ಕೇ ಇರಲೆಂದು ಉತ್ತರ ಕಳುಹಿಸಿದ್ದೇವೆ.