ಕೊನೆಯ ಒಂದು ಕಡ್ಡಿ

ಒಂದು ಕಾಲಕ್ಕೆ ನಮ್ಮ ಮಲೆನಾಡಿನ ಕಡೆ ಮನುಷ್ಯರಲ್ಲಿ ಎರಡೇ ಪಂಗಡ, ಸಣ್ಣ ಪಿನ್ನಿನವರು ಮತ್ತು ದಪ್ಪ ಪಿನ್ನಿನವರು. ನೋಕಿಯಾದ ಹಳೇ ಸೆಟ್ಟುಗಳಿಗೆ ದಪ್ಪ ಪಿನ್ನಿನ ಚಾರ್ಜರ್, ಆಮೇಲೆ ಬಂದವಕ್ಕೆ ಸಣ್ಣದು. ಯಾರ ಮನೆಗೆ ಹೋದರೂ, ಯಾವ ಅಂಗಡಿಯ ಕಟ್ಟೆ ಹತ್ತಿದರೂ, "ಸಣ್ಣ ಪಿನ್ನಿಂದು ಚಾರ್ಜರ್ ಇದ್ಯಾ ಮಾರಾಯ್ರೇ?" ಎಂದು ಕೇಳಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಲೋಟ ಹಿಡಿದು ಪಕ್ಕದ ಮನೆಗೆ ಹೋಗಿ ಹೆಪ್ಪಿಗೆ ಒಂಚೂರು ಮಜ್ಜಿಗೆ ಕೇಳುವಷ್ಟೇ ಸಲೀಸು. ಫೋನು ಸಿಕ್ಕಿಸಿದ ತಕ್ಷಣ ಎದ್ದು ಬರುವ ಹಾಗಿಲ್ಲವಲ್ಲ, ಎರಡು ಕಡ್ಡಿಯಾದರೂ ಏರುವ ತನಕ ಕೂರಬೇಕು. ಕೂತಮೇಲೆ ಕಾಫಿ ಬರುತ್ತದೆ. ಕಾಫಿಯ ಹಿಂದೆ ಮಾತು ಬರುತ್ತದೆ. ಅಡಿಕೆಗೆ ಬಂದ ಕೊಳೆರೋಗ, ಯಾರದೋ ಬೇಲಿಯ ತಗಾದೆ, ಇನ್ಯಾರದೋ ಮಗಳ ಜಾತಕ. ನನ್ನ ಚಿಕ್ಕಪ್ಪನ ಮಗನಿಗೆ ಹೆಣ್ಣು ಗೊತ್ತಾದದ್ದು ಹೀಗೆ ಚಾರ್ಜಿಗಿಟ್ಟು ಕೂತ ಮನೆಯಲ್ಲೇ. ಫೋನು ತುಂಬಿತೋ ಇಲ್ಲವೋ, ಸಂಬಂಧವಂತೂ ಕುದುರಿತು.

ತಮಾಷೆಯೆಂದರೆ ಆಗ ಚಾರ್ಜಿನ ಅಗತ್ಯ ಅಷ್ಟೇನೂ ಇರಲಿಲ್ಲ. 2003ರಲ್ಲಿ ಬಂದ ನೋಕಿಯಾ 1100 ನಿಮಗೆ ನೆನಪಿರಬೇಕು, ನೆತ್ತಿಯ ಮೇಲೆ ಟಾರ್ಚು ಇದ್ದದ್ದು. ಅದರೊಳಗಿನ ಬ್ಯಾಟರಿ 850 ಎಂಎಎಚ್. ಅಷ್ಟರಲ್ಲೇ ಅದು ದಿನಗಟ್ಟಲೆ ಬದುಕುತ್ತಿತ್ತು, ರಾತ್ರಿ ತೋಟದ ದಾರಿಗೆ ಬೆಳಕನ್ನೂ ಕೊಡುತ್ತಿತ್ತು. ಕೊನೆಯ ಒಂದು ಕಡ್ಡಿ ಉಳಿದಿದೆ ಅಂದರೆ ನಾಳೆ ಸಂಜೆಯವರೆಗೆ ಯೋಚನೆಯಿಲ್ಲ ಎಂದರ್ಥ. ಈಗ ನನ್ನ ಜೇಬಿನಲ್ಲಿರುವುದು 5000 ಎಂಎಎಚ್‌ನದು. ಅಂಗಡಿಗೆ ಹೋದರೆ 6000, 7000ದವೂ ಇವೆ. ಆದರೂ ದೀಪ ಹಚ್ಚುವ ಹೊತ್ತಿಗೆ ಮೂಲೆಯಲ್ಲಿ ಕೆಂಪು ಗೀಟು ಕಾಣಿಸಿಕೊಳ್ಳುತ್ತದೆ. ತಿನ್ನುವುದರಲ್ಲಿ ಪರದೆಯೇ ಮುಂದು. ಅದರ ಹಿಂದೆ ನೆಟ್ಟು, ಜಿಪಿಎಸ್ಸು, ನಾವು ಕೇಳದೆಯೂ ಹಿನ್ನೆಲೆಯಲ್ಲಿ ಓಡಾಡುವ ಆಪುಗಳು.

ಊರಿಗೆ ಹೋದರೆ ಇನ್ನೊಂದು ಕಷ್ಟ. ಸಿಗ್ನಲ್ ಬಡವಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಟವರನ್ನು ಕೂಗಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಮಾತ್ರ. ಹಾಗಾಗಿ ಯಾರೂ ಮುಟ್ಟದೆ ಕಿಟಕಿಯಲ್ಲಿಟ್ಟ ಫೋನು ಕೂಡ ಇಡೀ ದಿನ ಕೂಗಿ ಕೂಗಿ ಸಂಜೆಗೆ ಕಣ್ಣು ಮುಚ್ಚುತ್ತದೆ.

ಮಳೆಗಾಲದಲ್ಲಿ ಇದು ಇಡೀ ಊರಿನ ಸಮಸ್ಯೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೆಂದು ಲೈನ್‌ಮ್ಯಾನಿಗೂ ಗೊತ್ತಿರುವುದಿಲ್ಲ. ಆಗ ಎಲ್ಲರ ಸವಾರಿ ಸೊಸೈಟಿಗೆ. ಅಲ್ಲಿ ಇನ್ವರ್ಟರ್ ಇತ್ತು. ಮೇಜಿನ ಮೇಲೊಂದು ಉದ್ದದ ಸ್ವಿಚ್‌ಬೋರ್ಡು, ಅದರ ಸುತ್ತ ಊರಿನ ಫೋನುಗಳೆಲ್ಲ ಸಾಲಾಗಿ ಮಲಗಿರುತ್ತಿದ್ದವು. ಒಂದೊಂದಕ್ಕೂ ರಬ್ಬರ್ ಬ್ಯಾಂಡು, ಅದರೊಳಗೆ ಹೆಸರು ಬರೆದ ಚೀಟಿ. ಕೆಲವು ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಬಂದವು. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಬ್ಯಾಟರಿ ಅಲ್ಲಾಡದಿರಲಿ ಎಂದು ಸಂದಿಯಲ್ಲಿ ನಾಲ್ಕಾಗಿ ಮಡಿಚಿದ ಬಸ್ ಟಿಕೆಟ್ಟು. ನಡುನಡುವೆ ಯಾವುದೋ ಒಂದು ಬಡಿದುಕೊಳ್ಳುತ್ತಿತ್ತು. ಸೆಕ್ರೆಟರಿ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆಯೇ ಎತ್ತಿಕೊಂಡು, "ಅವ್ರು ಇಲ್ಲ. ಚಾರ್ಜಿಗಿಟ್ಟು ಹೋಗಿದಾರೆ. ಏನಾರೂ ಹೇಳ್ಬೇಕಿತ್ತಾ?" ಎನ್ನುತ್ತಿದ್ದರು. ಹೇಳಿದ್ದನ್ನು ಅದೇ ಚೀಟಿಯ ಹಿಂದೆ ಗೀಚಿಡುತ್ತಿದ್ದರು. ಯಾರ ಮನೆಗೆ ಯಾರು ಬರುತ್ತಾರೆ, ಯಾರ ಸೊಸೆಗೆ ನೋವು ಶುರುವಾಗಿದೆ, ಯಾವ ಮಂಡಿಯಲ್ಲಿ ಅಡಿಕೆಗೆ ಏನು ರೇಟು, ಎಲ್ಲ ಅವರಿಗೇ ಮೊದಲು ಗೊತ್ತು.

ಆಗ ಬ್ಯಾಟರಿಯ ಬಗ್ಗೆ ಎಲ್ಲರಿಗೂ ಒಂದೊಂದು ಶಾಸ್ತ್ರ ತಿಳಿದಿತ್ತು. ಸತ್ತ ಬ್ಯಾಟರಿಯನ್ನು ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದರೆ ಒಂದು ಕಾಲ್ ಹೋಗುತ್ತದೆ. ಬ್ಯಾಟರಿ ಉಬ್ಬಿದೆಯೋ ಇಲ್ಲವೋ ನೋಡಲು ರಿಪೇರಿ ಅಂಗಡಿಯ ಹುಡುಗ ಅದನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ಒಂದು ಸುತ್ತು ತಿರುಗಿಸುತ್ತಿದ್ದ. ಬುಗುರಿಯಾದರೆ ಹೋಯಿತು, ಹೊಸದು ಹಾಕಿಸಬೇಕು. ಹೊಸ ಫೋನು ಕೊಂಡಾಗ ಅಂಗಡಿಯವರು "ಮೊದ್ಲು ಎಂಟು ಗಂಟೆ ಚಾರ್ಜ್ ಮಾಡಿ, ಪೂರ್ತಿ ಖಾಲಿಯಾಗೋ ತನಕ ಮತ್ತೆ ಹಾಕ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದರು. ಅದು ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಡಿ. ಲಿಥಿಯಂ ಬಂದಮೇಲೂ ಬಿಡಲಿಲ್ಲ ನಾವು. ಲಿಥಿಯಂಗೆ ಪೂರ್ತಿ ಉಪವಾಸವೂ ಆಗದು, ಪೂರ್ತಿ ಹೊಟ್ಟೆಯೂ ಆಗದು, ಸೆಖೆಯಂತೂ ಆಗುವುದೇ ಇಲ್ಲ. 20ರಿಂದ 80ರ ನಡುವೆ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ.

ಈ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದ ಮೂವರಿಗೆ, ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ, 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಇಲ್ಲ. ನೂರು ತುಂಬಿಸಿಕೊಂಡು 2023ರಲ್ಲಿ ಹೋದರು. ಅವರ ಬ್ಯಾಟರಿ ಮಾತ್ರ ಸುಮಾರು ಐನೂರು ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಮುದಿಯಾಗತೊಡಗುತ್ತದೆ.

ಸ್ಮಾರ್ಟ್‌ಫೋನು ಬಂದ ಹೊಸದರಲ್ಲಿ ಎರಡನೇ ಬ್ಯಾಟರಿಯನ್ನು ಪರ್ಸಿನಲ್ಲಿಟ್ಟು ತಿರುಗುವ ರೂಢಿಯಿತ್ತು. ಅದನ್ನು ತುಂಬಿಸಲು ಕೆಂಪು-ಹಸಿರು ದೀಪ ಮಿಣುಕುವ ಕ್ಲಿಪ್ಪಿನ ಚಾರ್ಜರು. ಇನ್ನು ಕೆಲವರು ದೊಡ್ಡ ಬ್ಯಾಟರಿಯನ್ನೇ ಹಾಕಿಸಿ, ಅದು ಹಿಡಿಯುವಂಥ ಉಬ್ಬಿದ ಮುಚ್ಚಳ ಜೋಡಿಸುತ್ತಿದ್ದರು. ಮೇಜಿನ ಮೇಲಿಟ್ಟರೆ ಬಸುರಿ ಬೆಕ್ಕಿನ ಹಾಗೆ ಒಂದು ಕಡೆಗೆ ವಾಲುತ್ತಿತ್ತು. ಆಮೇಲೆ ಫೋನು ತೆಳ್ಳಗಾಗಬೇಕು, ನೀರು ಒಳಗೆ ಹೋಗಬಾರದು ಎಂದು ಕಂಪನಿಗಳು ಮುಚ್ಚಳಕ್ಕೆ ಅಂಟು ಹಾಕಿ ಕೂತವು. ಬೇಕಾದರೆ ದಪ್ಪ ಫೋನು ಕೊಡುತ್ತೇವೆ ಎಂದವರೂ ಇದ್ದರು. 2019ರಲ್ಲಿ ಎನರ್ಜೈಸರ್ ಹೆಸರಿನಲ್ಲಿ 18,000 ಎಂಎಎಚ್ ಬ್ಯಾಟರಿಯ ಫೋನೊಂದನ್ನು ಪ್ರದರ್ಶನಕ್ಕಿಟ್ಟರು, ದಪ್ಪ 18 ಮಿಲಿಮೀಟರ್. ನೋಡಿದವರೆಲ್ಲ ಭೇಷ್ ಎಂದರು. ಅದನ್ನು ತಯಾರಿಸಲು ಜನರಿಂದ ಹಣ ಕೂಡಿಸಹೊರಟಾಗ ಕೂಡಿದ್ದು ಗುರಿಯ ಶೇಕಡಾ ಎರಡೂ ಇಲ್ಲ. ನಮಗೆ ಬ್ಯಾಟರಿ ಬೇಕು, ಅದರ ಭಾರ ಬೇಡ.

ಹಾಗಾಗಿ ಭಾರವನ್ನು ಬೇರೆ ಮಾಡಿ ಚೀಲಕ್ಕೆ ಹಾಕಿಕೊಂಡೆವು. ಅದೇ ಪವರ್ ಬ್ಯಾಂಕು. ಈಗ ಆಫೀಸಿನ ಆಯುಧಪೂಜೆಗೆ ಕಂಪನಿಯ ಮುದ್ರೆಯೊತ್ತಿದ ಪವರ್ ಬ್ಯಾಂಕು ಕೊಡುತ್ತಾರೆ. ಹಾಗೆ ಬಂದದ್ದೊಂದನ್ನು, 10,000 ಎಂಎಎಚ್‌ನದು, ಊರಿನಲ್ಲಿರುವ ಸೋದರತ್ತೆಗೆ ಕೊಟ್ಟೆ. ಮಳೆಗಾಲಕ್ಕೆ ಇರಲಿ ಎಂದು.

ಅತ್ತೆ ಅದನ್ನು ಅಡಿಕೆ ಮೂಟೆ ಎತ್ತಿ ತೂಕ ನೋಡುವವರ ಗಾಂಭೀರ್ಯದಲ್ಲಿ ಕೈಯಲ್ಲಿ ಹಿಡಿದರು.

"ಇದ್ಕೂ ಚಾರ್ಜ್ ಹಾಕ್ಬೇಕೇನೋ?"

"ಹಾಕ್ಬೇಕು ಅತ್ತೆ."

"ಎಷ್ಟ್ ಹೊತ್ತು?"

"ನಾಲ್ಕೈದು ತಾಸು."

"ಅಷ್ಟ್ ಹೊತ್ತು ಕರೆಂಟ್ ಇದ್ರೆ ಫೋನಿಗೇ ಹಾಕ್ತಿದ್ನಲ್ಲೋ."

ಇದಕ್ಕೆ ಉತ್ತರವಿಲ್ಲ. ಮಾತು ತಿರುಗಿಸಲು, ಇದರಿಂದ ನಿಮ್ಮ 5000ದ ಫೋನನ್ನು ಒಂದು ಸಲಕ್ಕಿಂತ ತುಸು ಹೆಚ್ಚು ತುಂಬಿಸಬಹುದು ಎಂದೆ. ಹತ್ತು ಸಾವಿರ ಎಂದು ಬರೆದಿದೆಯಲ್ಲ, ಎರಡು ಸಲ ಆಗಬೇಕಲ್ಲ ಎಂದರು. ಅಡಿಕೆ ಮಂಡಿಯ ಲೆಕ್ಕ ನೋಡಿದವರಿಗೆ ಮೋಸ ಮಾಡಲಾಗದು. ವಿವರಿಸಿದೆ. ಒಳಗಿನ ಸೆಲ್ 3.7 ವೋಲ್ಟಿನದು, ಹೊರಗೆ ಕೊಡುವಾಗ ಅದನ್ನು 5ಕ್ಕೆ ಏರಿಸಬೇಕು. ಏರಿಸಿದಾಗ ಹತ್ತು ಸಾವಿರ ಎಂಬುದು 7400 ಆಗುತ್ತದೆ. ಅದರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಕೈಗೆ ಸಿಗುವುದು ಆರು ಸಾವಿರದ ಆಸುಪಾಸು. ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ. ಅತ್ತೆ ಎಲ್ಲ ಕೇಳಿ, "ಕಮಿಷನ್ ಅನ್ನು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಅದನ್ನು ಪೂರ್ತಿ ಚಾರ್ಜ್ ಮಾಡಿ, ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿಟ್ಟರು. ಮಳೆ ಬಂತು, ಕರೆಂಟು ಹೋಯಿತು, ಫೋನು ಸತ್ತಿತು. ತೆಗೆಯಲಿಲ್ಲ. ಖರ್ಚಾಗಿಬಿಡುತ್ತದಂತೆ. ಮುಂದಿನ ಮಳೆಗಾಲಕ್ಕೆ ನಾನು ತೆಗೆದು ನೋಡಿದರೆ ನಾಲ್ಕು ದೀಪದಲ್ಲಿ ಎರಡೇ ಹತ್ತಿದವು. ಸುಮ್ಮನೆ ಇಟ್ಟರೂ ಅದು ಸೋರುತ್ತದೆ. ಅದನ್ನು ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ಇವುಗಳ ಜೊತೆ ಪ್ರಯಾಣಕ್ಕೆ ಕಾಯಿದೆಗಳೂ ಹುಟ್ಟಿವೆ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು, ಅದೂ 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು 74 ಆಗುತ್ತದೆ, ಭಯವಿಲ್ಲ. ಬೆಂಕಿ ಹತ್ತಿಕೊಂಡರೆ ಕೈಗೆಟುಕುವ ಕಡೆ ಇರಲಿ ಎಂಬುದು ಲೆಕ್ಕ. ರೈಲಿನಲ್ಲಿ 2021ರ ಮಾರ್ಚಿನಿಂದ ರಾತ್ರಿ 11ರಿಂದ ಬೆಳಗಿನ 5ರ ತನಕ ಚಾರ್ಜಿಂಗ್ ಪಾಯಿಂಟಿಗೆ ಕರೆಂಟು ಬಂದ್. ಹಳೇ ಸ್ಲೀಪರ್ ಬೋಗಿಗಳಲ್ಲಿ ಬಾಗಿಲ ಹತ್ತಿರ ಎಲ್ಲೋ ಒಂದೆರಡು ಪಾಯಿಂಟು ಇರುತ್ತಿದ್ದವು. ಫೋನು ಸಿಕ್ಕಿಸಿ, ಕಳುವಾಗದಿರಲೆಂದು ಅಲ್ಲೇ ನಿಂತವರು ಅರಸೀಕೆರೆ ದಾಟುವಷ್ಟರಲ್ಲಿ ಸ್ನೇಹಿತರಾಗಿರುತ್ತಿದ್ದರು. "ಸ್ವಲ್ಪ ನೋಡ್ಕೊಳಿ, ಟೀ ಕುಡಿದು ಬರ್ತೀನಿ" ಎಂದು ಗುರುತಿಲ್ಲದವರ ಕೈಗೆ ಫೋನು ಒಪ್ಪಿಸಿ ಹೋಗುವುದು ಆಗ ಸಾಮಾನ್ಯ. ಮದುವೆ ಛತ್ರದಲ್ಲೂ ಅಷ್ಟೇ. ಊಟದ ಹಾಲಿನ ಮೂಲೆಯ ಪ್ಲಗ್ಗಿನ ಹತ್ತಿರ ಒಂದು ಕುರ್ಚಿ, ಅದರ ತುಂಬ ಫೋನು, ಕಾವಲಿಗೆ ಮನೆಯಲ್ಲಿ ಸಿಕ್ಕಾಪಟ್ಟೆ ತುಂಟನೆನಿಸಿದ ಹುಡುಗ.

ಈಗ ಅವರವರ ಚೀಲದಲ್ಲಿ ಅವರವರ ಕರೆಂಟು. ಯಾರ ಹಂಗೂ ಇಲ್ಲ. ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗ ಫೋನು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಚಾರ್ಜ್ ಕಡಿಮೆಯಾಯಿತೇನೋ ಎಂದು ನನ್ನ ಪವರ್ ಬ್ಯಾಂಕು ಚಾಚಿದೆ. "ಬೇಡ ಅಂಕಲ್, ಪರ್ವಾಗಿಲ್ಲ" ಎಂದ. ಎಷ್ಟಿದೆ ಎಂದು ಕೇಳಿದೆ. ಬರೀ 46 ಎಂದ. ತುಮಕೂರು ಬರುವಷ್ಟರಲ್ಲಿ ಮನಸ್ಸು ಬದಲಾಗಿ ತಾನೇ ಕೈ ಚಾಚಿದ. ಅಲ್ಲಿಂದ ಶಿವಮೊಗ್ಗದವರೆಗೆ ನನ್ನ ಚೀಲಕ್ಕೂ ಅವನ ಫೋನಿಗೂ ನಡುವೆ ಗೇಣುದ್ದದ ಕೇಬಲ್ಲು. ಇಬ್ಬರೂ ಅಲುಗಾಡುವಂತಿಲ್ಲ. ಮಾತಾಡದೆ ವಿಧಿಯಿರಲಿಲ್ಲ. ಅವನು ಸಾಗರದವನಂತೆ, ಅವನ ಅಜ್ಜನ ಮನೆ ನಮ್ಮೂರಿನ ಆಚೆ ದಿಬ್ಬದ ಮೇಲಂತೆ.

ಆದ್ದರಿಂದ ದೊಡ್ಡ ಬ್ಯಾಟರಿಯ ಫೋನು ಬೇಕಾದರೆ ಕೊಳ್ಳಿ, ಪವರ್ ಬ್ಯಾಂಕೂ ಇಟ್ಟುಕೊಳ್ಳಿ, ಮಲೆನಾಡಿನವರಾದರೆ ಎರಡು ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಮಾತ್ರ ಇಲ್ಲವೆನ್ನಬೇಡಿ. ಕೇಬಲ್ ಚಿಕ್ಕದಿರಲಿ. ಇಳಿಯುವಾಗ ಅದನ್ನು ಮರೆಯದೆ ವಾಪಸ್ ಇಸಕೊಳ್ಳಿ, ಒಳ್ಳೆಯ ಕೇಬಲ್ಲಿಗೆ ಈಗ ಮುನ್ನೂರು ರೂಪಾಯಿ.